ಟೂರ್ನಿ ಪೋಕರ್‌ನಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಹಣದ ಪಟ್ಟಿ ಮಾತ್ರ ತೋರಿಸಬೇಡಿ

ಗಿರಣಿ ಲೆಕ್ಕಿಗ, ಗಂಗಾವತಿ

ಪೋಕರ್ ಎಂಬ ಇಸ್ಪೀಟು ಪಣದಾಟದ ಟೂರ್ನಿಗಳಲ್ಲಿ ಬ್ರಿನ್ ಕೆನ್ನಿ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು ಗೆದ್ದಿದ್ದಾನೆ, ಹಣದ ಪಟ್ಟಿಯಲ್ಲಿ ಅವನೇ ಮೇಲೆ, ಆದ್ದರಿಂದ ಅವನೇ ದೊಡ್ಡವನು ಎಂದು ಇಲ್ಲಿ ಹಲವರು ಮತ್ತೆ ಮತ್ತೆ ಬರೆಯುತ್ತಿದ್ದಾರೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನನಗೆ ಆ ಪಟ್ಟಿಯನ್ನು ಕಂಡರೆ ಸಿಟ್ಟು ಬರುತ್ತದೆ. ಅದರಲ್ಲಿ ಜಮಾ ಮಾತ್ರ ಇದೆ, ಖರ್ಚಿನ ಪುಟವೇ ಇಲ್ಲ. ಭತ್ತ ಕೊಂಡ ಬೆಲೆಯನ್ನು ಬಿಟ್ಟು ಅಕ್ಕಿ ಮಾರಿದ ಹಣವನ್ನಷ್ಟೇ ಕೂಡಿಸಿ ಮಾಲೀಕರ ಮುಂದಿಟ್ಟರೆ ಸಂಜೆಯೊಳಗೆ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ.

ಕೆನ್ನಿಯನ್ನೇ ನೋಡಿ. 2019ರಲ್ಲಿ ಲಂಡನ್ನಿನಲ್ಲಿ ಟ್ರೈಟನ್ ಮಿಲಿಯನ್ ಎಂಬ ಟೂರ್ನಿ ನಡೆಯಿತು. ಪ್ರವೇಶ ಶುಲ್ಕ 10.5 ಲಕ್ಷ ಪೌಂಡ್, ಆಡಿದವರು 54 ಜನ. ಕೊನೆಗೆ ಇಬ್ಬರು ಉಳಿದಾಗ ಹಣ ಹಂಚಿಕೊಳ್ಳುವ ಒಪ್ಪಂದವಾಯಿತು. ಆ ಗಳಿಗೆಯಲ್ಲಿ ಕೆನ್ನಿಯ ಮುಂದೆ ಚಿಪ್ಸ್ (ಪಣಕ್ಕಿಡುವ ಬಿಲ್ಲೆಗಳು) ಹೆಚ್ಚಿದ್ದವು, ಹಾಗಾಗಿ ಅವನ ಪಾಲು 1.69 ಕೋಟಿ ಪೌಂಡ್. ಟೂರ್ನಿಯನ್ನು ಗೆದ್ದ ಆರನ್ ಜಾಂಗ್‌ಗೆ ಸಿಕ್ಕಿದ್ದು 1.38 ಕೋಟಿ. ಎರಡನೆಯವನಾಗಿ ಬಂದ ಒಂದೇ ಆಟದಿಂದ ಪಟ್ಟಿಯ ತುದಿಗೆ ಏರಿದವನನ್ನು ಸರ್ವಶ್ರೇಷ್ಠ ಎನ್ನುವುದು ಹೇಗೆ?

ಡೇನಿಯಲ್ ನೆಗ್ರಾನು ಎಂಬ ಆಟಗಾರ ತನ್ನ ವರ್ಷದ ಲೆಕ್ಕವನ್ನು ಜನರ ಮುಂದೆ ಇಟ್ಟವನು. 2017ರಲ್ಲಿ ಅವನ ಬಹುಮಾನಗಳ ಮೊತ್ತ ಸುಮಾರು 28 ಲಕ್ಷ ಡಾಲರ್. ಪ್ರವೇಶ ಶುಲ್ಕಗಳನ್ನು ಕಳೆದರೆ ಆ ವರ್ಷ ಅವನಿಗೆ ನಷ್ಟ. ಹಣದ ಪಟ್ಟಿಯಲ್ಲಿ ಅದೇ ವರ್ಷ 28 ಲಕ್ಷದ ಏರಿಕೆಯಾಗಿ ಕುಳಿತಿದೆ! ಇದರ ಮೇಲೆ, ದೊಡ್ಡ ಶುಲ್ಕದ ಆಟಗಳಲ್ಲಿ ಹಲವರು ತಮ್ಮ ಪಾಲನ್ನು ಬೇರೆಯವರಿಗೆ ಮಾರಿ ಕೂರುತ್ತಾರೆ. ಗೆದ್ದ ಹಣದಲ್ಲಿ ಅರ್ಧ ಇನ್ನೊಬ್ಬರ ಜೇಬಿಗೆ ಹೋದರೂ ಪಟ್ಟಿಯಲ್ಲಿ ಪೂರ್ತಿ ಮೊತ್ತ ಆಡಿದವನ ಹೆಸರಿನಲ್ಲೇ ಇರುತ್ತದೆ.

ಹಣವನ್ನು ಪಕ್ಕಕ್ಕಿಟ್ಟು ಹೇಳಿ. ಯಾರು? ಏಕೆ?

ಕೋಟೆ ಬೀದಿ, ಬಳ್ಳಾರಿ

ಇದಕ್ಕೆ ಚರ್ಚೆ ಏಕೆ ಅಣ್ಣ? ಫಿಲ್ ಹೆಲ್‌ಮ್ಯೂತ್. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಒಂದು ಟೂರ್ನಿ ಗೆದ್ದರೆ ಒಂದು ಬ್ರೇಸ್‌ಲೆಟ್ ಕೊಡುತ್ತಾರೆ. ಅವನ ಬಳಿ 17 ಇವೆ. ಅವನ ಹಿಂದೆ ಇರುವ ಫಿಲ್ ಐವಿಗೆ 11. ಹತ್ತು ಗೆದ್ದ ಬ್ರನ್ಸನ್, ಚಾನ್, ಸೈಡೆಲ್ ಎಲ್ಲರೂ ದಿಗ್ಗಜರೇ, ಆದರೂ ಅವನಿಗಿಂತ ಏಳು ಹಿಂದೆ.

1989ರಲ್ಲಿ ಆ ಸೀರೀಸ್‌ನ ಮುಖ್ಯ ಟೂರ್ನಿಯಾದ ಮೇನ್ ಇವೆಂಟ್ ಗೆದ್ದಾಗ ಅವನಿಗೆ 24 ವರ್ಷ. ಎದುರಿಗಿದ್ದವನು 1987 ಮತ್ತು 1988ರಲ್ಲಿ ಗೆದ್ದು ಮೂರನೆಯದಕ್ಕೆ ಕುಳಿತಿದ್ದ ಜಾನಿ ಚಾನ್. ಕೊನೆಯ ಬ್ರೇಸ್‌ಲೆಟ್ ಬಂದದ್ದು 2023ರಲ್ಲಿ. ಎಂಬತ್ತರ ದಶಕದಿಂದ ಇಪ್ಪತ್ತರ ದಶಕದವರೆಗೆ, ಐದು ದಶಕಗಳಲ್ಲಿ ಒಂದನ್ನೂ ಬರಿಗೈಯಲ್ಲಿ ಬಿಟ್ಟಿಲ್ಲ. ಆಟವೇ ಬದಲಾಯಿತು, ಕಂಪ್ಯೂಟರ್ ಮುಂದೆ ಕುಳಿತು ಕಲಿತ ಹುಡುಗರು ಬಂದರು, ಇವನು ಗೆಲ್ಲುತ್ತಲೇ ಇದ್ದಾನೆ.

ಸೋತಾಗ ಮೇಜಿನ ಸುತ್ತ ಓಡಾಡಿ ಬೈಯುತ್ತಾನೆ, ಅಳುವ ಮಗುವಿನಂತೆ ಆಡುತ್ತಾನೆ ಎಂಬುದು ನಿಜ. ನಾವು ಅಳೆಯುತ್ತಿರುವುದು ಆಟವನ್ನೋ ನಡತೆಯನ್ನೋ?

ರಾತ್ರಿ ಪಾಳಿ, ಶಕ್ತಿನಗರ

ನನ್ನ ಪಾಳಿ ಮುಗಿಯುವ ಹೊತ್ತಿಗೆ ಲಾಸ್ ವೇಗಸ್ಸಿನಲ್ಲಿ ಸಂಜೆ. ಮನೆಗೆ ಬಂದು ಒಂದು ತಾಸು ನೇರ ಪ್ರಸಾರ ನೋಡಿಯೇ ಮಲಗುವವನು ನಾನು. ಈಗಿನ ಎಲ್ಲರ ಆಟವನ್ನೂ ನೋಡಿದ ಮೇಲೂ ನನ್ನ ಉತ್ತರ ಹಳೆಯದು: ಸ್ಟೂ ಉಂಗರ್.

ನಮ್ಮ ಕಡೆಯವರಿಗೆ ರಮ್ಮಿ ಗೊತ್ತು, ಆದ್ದರಿಂದ ಇವನನ್ನು ಬೇಗ ಅರ್ಥ ಮಾಡಿಕೊಳ್ಳಬಹುದು. ಉಂಗರ್ ಮೂಲತಃ ಜಿನ್ ರಮ್ಮಿಯ ಆಟಗಾರ. ಎದುರಾಳಿ ಎಸೆದ ನಾಲ್ಕಾರು ಎಲೆ ನೋಡಿ ಅವನ ಕೈಯಲ್ಲಿ ಏನಿದೆ ಎಂದು ಹೇಳುತ್ತಿದ್ದನಂತೆ. ಕೊನೆಗೆ ಅವನ ಜೊತೆ ಜಿನ್ ಆಡಲು ಯಾರೂ ಸಿಗದೆ ಪೋಕರ್‌ಗೆ ಬಂದ. 1980ರಲ್ಲಿ ಡಾಯ್ಲ್ ಬ್ರನ್ಸನ್‌ನನ್ನು ಸೋಲಿಸಿ ಮೇನ್ ಇವೆಂಟ್ ಗೆದ್ದ. 1981ರಲ್ಲಿ ಮತ್ತೆ ಗೆದ್ದ. ಆಮೇಲೆ ಮಾದಕ ವಸ್ತು ಅವನನ್ನು ತಿಂದಿತು. 1990ರಲ್ಲಿ ಟೂರ್ನಿಯ ನಡುವೆಯೇ ಹೋಟೆಲ್ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಮೇಜಿಗೆ ಬರಲೇ ಇಲ್ಲ. ಅವನ ಖಾಲಿ ಕುರ್ಚಿಯ ಮುಂದಿದ್ದ ಚಿಪ್ಸ್ ಪ್ರತಿ ಸುತ್ತಿನ ಕಡ್ಡಾಯ ಪಣಕ್ಕೆ ಕರಗುತ್ತಾ ಹೋದವು, ಆದರೂ ಒಂಬತ್ತನೆಯ ಸ್ಥಾನ ಬಂದಿತು! ಎದ್ದು ಹೋಗುವ ಮುನ್ನ ಎಷ್ಟು ಗುಡ್ಡೆ ಹಾಕಿದ್ದನೋ ಊಹಿಸಿ.

1997ರಲ್ಲಿ ಶುಲ್ಕಕ್ಕೂ ಕೈಯಲ್ಲಿ ಹಣವಿರಲಿಲ್ಲ, ಗೆಳೆಯನೊಬ್ಬ ಕಟ್ಟಿದ. 312 ಜನರ ನಡುವೆ ಮೂರನೆಯ ಸಲ ಗೆದ್ದ. ಮರುವರ್ಷ ನವೆಂಬರಿನಲ್ಲಿ ಸತ್ತ, 45ನೆಯ ವಯಸ್ಸಿಗೆ. ಹೆಲ್‌ಮ್ಯೂತ್‌ಗೆ ಸಿಕ್ಕ ಆಯಸ್ಸು ಇವನಿಗೆ ಸಿಕ್ಕಿದ್ದರೆ?

ಎಡದಂಡೆ ಕಾಲುವೆ, ಸಿಂಧನೂರು

ಎಲ್ಲರೂ ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ. ಒಂದು ಮಾತು. ಇದೇ "ದೊಡ್ಡ ಆಟಗಾರರ" ಫೋಟೊ ಇದ್ದ ಜಾಹೀರಾತು ನೋಡಿ ನಾನೂ ಮೊಬೈಲ್‌ನಲ್ಲಿ ಆಡಿದೆ. ಒಂದು ಬೆಳೆಯ ಹಣ ಹೋಯಿತು. ಯಾವ ಆ್ಯಪ್ ಎಂದು ಹೇಳುವುದಿಲ್ಲ, ಹೇಳಿದರೂ ಬರುವುದಿಲ್ಲ. ನಮ್ಮೂರಿನಲ್ಲಿ ಅಂದರ್ ಬಾಹರ್ ಆಡುವವರನ್ನು ಪೊಲೀಸರು ಹಿಡಿದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ. ಅಮೆರಿಕದಲ್ಲಿ ಆಡಿದರೆ ಕೈಗೆ ಬಳೆ ತೊಡಿಸುತ್ತಾರೆ. ವ್ಯತ್ಯಾಸ ಏನು ಎಂದು ಯಾರಾದರೂ ತಿಳಿಸಿ.

ಕರಿ ಕೋಟು, ಕೊಪ್ಪಳ

ಕಾಲುವೆಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರ ಎರಡು ಭಾಗದಲ್ಲಿ.

ಅಂದರ್ ಬಾಹರ್‌ನಲ್ಲಿ ಆಡುವವನು ನಿರ್ಧರಿಸುವುದು ಒಂದೇ, ಒಳಗೋ ಹೊರಗೋ. ಅದರಲ್ಲಿ ಇಪ್ಪತ್ತು ವರ್ಷ ಪಳಗಿದವನೂ ಇವತ್ತು ಕುಳಿತವನೂ ಸಮ. 1967ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಇದೇ ಗೆರೆ ಎಳೆಯಿತು. ಮೂರೆಲೆಯ ಆಟದಂತೆ ರಮ್ಮಿ ಪೂರ್ತಿ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಹಿಡಿಯುವುದಕ್ಕೂ ಬಿಡುವುದಕ್ಕೂ ಕೌಶಲ ಬೇಕು ಎಂದಿತು. ಪೋಕರ್ ಆ ಗೆರೆಯ ಯಾವ ಕಡೆ ಎಂಬುದರ ಮೇಲೆ ನಮ್ಮ ಹೈಕೋರ್ಟುಗಳಲ್ಲೇ ಒಮ್ಮತವಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ಜೂಜು ಎಂದೇ ಹೇಳಿತು.

ಎರಡನೆಯದು, ಮೊಬೈಲ್ ಆಟದ ಮಟ್ಟಿಗೆ ಆ ವಾದ ಮುಗಿದಂತೆಯೇ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣ ಕಟ್ಟಿಸಿಕೊಂಡು ಆಡಿಸುವುದೇ ಅಪರಾಧ. ಆಡಿದವರಿಗೆ ಶಿಕ್ಷೆಯಿಲ್ಲ, ಆಡಿಸುವವರಿಗೂ ಜಾಹೀರಾತು ಕೊಡುವವರಿಗೂ ಇದೆ. ಈಗ ಉಳಿದಿರುವುದು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾದ ಕ್ಯಾಸಿನೊಗಳಿಗೆ ಹೋಗುವ ಗುಂಪು ಮತ್ತು ನಮ್ಮಂತೆ ನೋಡುವವರು.

ಟೂರ್ನಿಯ ವಿಷಯದಲ್ಲಿ ಒಂದು ಅಂಶ ಸೇರಿಸುತ್ತೇನೆ. ಮೇನ್ ಇವೆಂಟಿನಲ್ಲಿ 10,000 ಡಾಲರ್ ಶುಲ್ಕ ಕಟ್ಟಿದರೆ ಎಲ್ಲರಿಗೂ ಸಮನಾದ ಚಿಪ್ಸ್. ಅವು ಮುಗಿದರೆ ಎದ್ದು ಹೋಗಬೇಕು, ಜೇಬಿನಿಂದ ಮತ್ತೆ ತೆಗೆಯುವಂತಿಲ್ಲ. ನಿಮ್ಮನ್ನು ಸುಟ್ಟದ್ದು ಆ ಕೊನೆಯಿಲ್ಲದ ಜೇಬು.

ಸಂಭವನೀಯತೆ ಮೇಡಂ, ಬಳ್ಳಾರಿ

ಪದವಿ ತರಗತಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಸ್ಪೀಟು ಎಲೆಗಳಿಲ್ಲದೆ ಸಂಭವನೀಯತೆಯ ಪಾಠವನ್ನು ಯಾರಿಂದಲೂ ಮಾಡಲಾಗದು, ಆದ್ದರಿಂದ ಈ ಚರ್ಚೆಗೆ ಬರಲು ನನಗೆ ಪರವಾನಗಿ ಇದೆ ಎಂದುಕೊಳ್ಳುತ್ತೇನೆ.

ಬ್ರೇಸ್‌ಲೆಟ್ ಎಣಿಸುವವರು ಎಷ್ಟು ಜನರ ನಡುವೆ ಗೆದ್ದರು ಎಂದು ಕೇಳುತ್ತಲೇ ಇಲ್ಲ. 1980ರಲ್ಲಿ ಉಂಗರ್ ಗೆದ್ದಾಗ ಆಡಿದವರು 73. 1989ರಲ್ಲಿ ಹೆಲ್‌ಮ್ಯೂತ್‌ನದು 178. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ (ಗಂಗಾವತಿಯವರು ಗಮನಿಸಿ) ನೂರು ಡಾಲರ್‌ಗೂ ಕಡಿಮೆಯ ಆನ್‌ಲೈನ್ ಅರ್ಹತಾ ಆಟದಿಂದ ಬಂದು 839 ಜನರಲ್ಲಿ ಗೆದ್ದ. ಅದನ್ನು ಟಿವಿಯಲ್ಲಿ ನೋಡಿದವರೆಲ್ಲ ಮರುವರ್ಷ ಹೊರಟರು, ಸಂಖ್ಯೆ 2,576 ಆಯಿತು. 2006ಕ್ಕೆ 8,773. 2024ರಲ್ಲಿ 10,112.

ಈಗ ಒಂದು ಲೆಕ್ಕ. ಸಾಮಾನ್ಯ ಆಟಗಾರನಿಗಿಂತ ಐದು ಪಟ್ಟು ಉತ್ತಮ ಎನ್ನಬಹುದಾದ ಒಬ್ಬನಿದ್ದಾನೆ ಎಂದುಕೊಳ್ಳಿ. ಹತ್ತು ಸಾವಿರ ಜನರ ನಡುವೆ ಅವನು ಗೆಲ್ಲುವ ಸಾಧ್ಯತೆ ಎರಡು ಸಾವಿರಕ್ಕೆ ಒಂದು. ಮೇನ್ ಇವೆಂಟ್ ನಡೆಯುವುದು ವರ್ಷಕ್ಕೆ ಒಮ್ಮೆ. ಹೊಯ್ಸಳರಿಗಿಂತ ಮೊದಲೇ, ಕದಂಬರಿಗಿಂತ ಮೊದಲೇ ಆಡಲು ಕುಳಿತಿದ್ದರೂ ಸರಾಸರಿಯಂತೆ ಇಷ್ಟು ಹೊತ್ತಿಗೆ ಒಂದು ಗೆಲುವು! ಹೀಗಿರುವಾಗ ಈ ಒಂದು ಟೂರ್ನಿಯನ್ನು ಗೆದ್ದವನು ಯಾರು ಎಂಬುದು ಶ್ರೇಷ್ಠತೆಯ ಬಗ್ಗೆ ಬಹಳ ಕಡಿಮೆ ಹೇಳುತ್ತದೆ.

ಸತತವಾಗಿ ಕೊನೆಯವರೆಗೆ ಬಂದವರನ್ನು ನೋಡಬೇಕು. ಜಾನಿ ಚಾನ್ 1987ರಲ್ಲಿ 152 ಜನರಲ್ಲಿ, 1988ರಲ್ಲಿ 167 ಜನರಲ್ಲಿ ಗೆದ್ದ. ಎಲ್ಲರೂ ಸಮಾನ ಆಟಗಾರರು ಎಂದು ಹಿಡಿದರೆ ಎರಡೂ ವರ್ಷ ಚಾನ್ ಗೆಲ್ಲುವುದು 25,384ಕ್ಕೆ ಒಂದು. ಡ್ಯಾನ್ ಹ್ಯಾರಿಂಗ್ಟನ್ 1995ರಲ್ಲಿ ಗೆದ್ದವನು. 2003ರಲ್ಲಿ ಮೂರನೆಯವನು, 2004ರಲ್ಲಿ ನಾಲ್ಕನೆಯವನು. 839 ಮತ್ತು 2,576 ಜನರ ನಡುವೆ ಎರಡು ಬಾರಿಯೂ ಕೊನೆಯ ಒಂಬತ್ತರ ಮೇಜಿಗೆ ಬರುವುದು ಸುಮಾರು 26,700ಕ್ಕೆ ಒಂದು. ಚಾನ್‌ನ ಎರಡು ಗೆಲುವುಗಳಿಗೂ ಹ್ಯಾರಿಂಗ್ಟನ್‌ನ ಎರಡು ಸೋಲುಗಳಿಗೂ ತೂಕ ಹೆಚ್ಚು ಕಡಿಮೆ ಒಂದೇ. ಆದರೆ ಹ್ಯಾರಿಂಗ್ಟನ್‌ನ ಹೆಸರನ್ನು ಇಲ್ಲಿ ಒಬ್ಬರೂ ಎತ್ತಲಿಲ್ಲ.

ರಾತ್ರಿ ಪಾಳಿ, ಶಕ್ತಿನಗರ

ಮೇಡಂ, ನಿಮ್ಮದೇ ತಕ್ಕಡಿ ತೆಗೆದುಕೊಂಡೆ. ಮಾರ್ಕ್ ನ್ಯೂಹೌಸ್ ಎಂಬುವನು 2013ರಲ್ಲಿ 6,352 ಜನರಲ್ಲಿ ಕೊನೆಯ ಒಂಬತ್ತಕ್ಕೆ ಬಂದ, 2014ರಲ್ಲಿ 6,683 ಜನರಲ್ಲಿ ಮತ್ತೆ ಬಂದ. ಗುಣಿಸಿ ನೋಡಿದರೆ ಐದು ಲಕ್ಷ ಚಿಲ್ಲರೆಗೆ ಒಂದು. ಹ್ಯಾರಿಂಗ್ಟನ್‌ಗಿಂತ ಇಪ್ಪತ್ತು ಪಟ್ಟು ದೊಡ್ಡವನಾದ! ಎರಡು ಸಲವೂ ಆ ಮೇಜಿನಿಂದ ಮೊದಲು ಎದ್ದು ಹೋದವನು, ಒಂಬತ್ತನೆಯವನು ಅವನೇ. ಇವನಿಗೇ ಪಟ್ಟ ಕಟ್ಟೋಣವೇ?

ಸಂಭವನೀಯತೆ ಮೇಡಂ, ಬಳ್ಳಾರಿ

ಕಟ್ಟಬೇಡಿ. ಸಾವಿರಾರು ಜನ ವರ್ಷ ವರ್ಷವೂ ಆಡುತ್ತಿದ್ದರೆ ಇಂತಹ ವಿಚಿತ್ರ ಯಾರೋ ಒಬ್ಬರಿಗೆ ಎಂದೋ ಆಗಲೇಬೇಕು. ಅದಕ್ಕಾಗಿಯೇ ಇಡೀ ಆಟದ ಬದುಕನ್ನು ನೋಡಬೇಕು ಎನ್ನುತ್ತೇನೆ. ಹ್ಯಾರಿಂಗ್ಟನ್ 1987ರಲ್ಲೂ ಆ ಮೇಜಿಗೆ ಬಂದಿದ್ದ. ಮೂರು ಬೇರೆ ಬೇರೆ ಕಾಲ, ಮೂರು ಬೇರೆ ಬೇರೆ ಗಾತ್ರದ ಜನಜಂಗುಳಿ.

ಇನ್ನೊಂದು ವಿಷಯ, ಟೂರ್ನಿಯ ಕೌಶಲ ಎಲ್ಲಿದೆ ಎಂಬುದು. ಆಡಿದವರಲ್ಲಿ ಸುಮಾರು ಶೇ 15ರಷ್ಟು ಮಂದಿಗೆ ಮಾತ್ರ ಬಹುಮಾನ. ಆ ಗೆರೆ ಹತ್ತಿರ ಬಂದಾಗ ಗೆದ್ದ ಚಿಪ್ಸ್‌ಗಿಂತ ಕಳೆದುಕೊಂಡ ಚಿಪ್ಸ್‌ಗೆ ಬೆಲೆ ಹೆಚ್ಚು. ಎಲ್ಲವನ್ನೂ ಕಳೆದುಕೊಂಡರೆ ಆಟವೇ ಮುಗಿಯಿತು, ಎರಡು ಪಟ್ಟು ಮಾಡಿಕೊಂಡರೆ ಬಹುಮಾನ ಎರಡು ಪಟ್ಟಾಗುವುದಿಲ್ಲ. ಹೀಗಾಗಿ ಆ ಹೊತ್ತಿಗೆ ಎಲ್ಲರೂ ಹೆದರುತ್ತಾರೆ, ಹೆದರಿದವರ ಮೇಲೆ ಪಣ ಏರಿಸುವವನು ಗುಡ್ಡೆ ಹಾಕುತ್ತಾನೆ. ನಾರ್ವೆಯ ಆನೆಟ್ ಒಬ್ರೆಸ್ಟಾಡ್ 2007ರಲ್ಲಿ 180 ಜನರ ಒಂದು ಸಣ್ಣ ಆನ್‌ಲೈನ್ ಟೂರ್ನಿಯನ್ನು ಬಹುತೇಕ ತನ್ನ ಎಲೆಗಳನ್ನು ನೋಡದೆಯೇ ಗೆದ್ದಳು. ಒಮ್ಮೆ ಮಾತ್ರ ನೋಡಿದಳಂತೆ. ಎದುರಿನವರು ಯಾವಾಗ ಎಲೆ ಬಿಟ್ಟು ಓಡುತ್ತಾರೆ ಎಂಬುದನ್ನಷ್ಟೇ ಆಡಿದಳು. ಅದೇ ವರ್ಷ ಲಂಡನ್ನಿನಲ್ಲಿ ವರ್ಲ್ಡ್ ಸೀರೀಸ್‌ನ ಯುರೋಪ್ ಮೇನ್ ಇವೆಂಟ್ ಗೆದ್ದಾಗ ಅವಳಿಗೆ ಇನ್ನೂ 19 ತುಂಬಿರಲಿಲ್ಲ. ಈ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಬರುವುದು ಯಾವಾಗಲೂ ಕೊನೆಗೆ, ಆದ್ದರಿಂದ ನಾನೇ ನಡುವೆ ತಂದಿಟ್ಟೆ.

ಗಿರಣಿ ಲೆಕ್ಕಿಗ, ಗಂಗಾವತಿ

ಮೇಡಂ ಹೇಳಿದ "ಇಡೀ ಆಟದ ಬದುಕು" ಎಂಬ ಅಳತೆ ನನಗೂ ಒಪ್ಪಿಗೆ. ಆ ಅಳತೆಯಲ್ಲಿ ನನ್ನ ಆಯ್ಕೆ ಫಿಲ್ ಐವಿ.

ಪೋಕರ್ ಎಂದರೆ ಒಂದೇ ಆಟವಲ್ಲ. ಟಿವಿಯಲ್ಲಿ ಕಾಣುವುದು ಟೆಕ್ಸಾಸ್ ಹೋಲ್ಡೆಮ್, ಕೈಯಲ್ಲಿ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು. ಒಮಾಹಾದಲ್ಲಿ ಕೈಗೆ ನಾಲ್ಕು. ಸ್ಟಡ್‌ನಲ್ಲಿ ಕೆಲವು ಎಲೆ ಎಲ್ಲರಿಗೂ ಕಾಣುವಂತೆ, ಕೆಲವು ಮುಚ್ಚಿ. ಡ್ಯೂಸ್ ಟು ಸೆವೆನ್‌ನಲ್ಲಿ ಎಲ್ಲವೂ ತಲೆಕೆಳಗು, ಅತಿ ಕೆಟ್ಟ ಎಲೆಗಳಿರುವವನೇ ಗೆಲ್ಲುತ್ತಾನೆ. ಐವಿಯ 11 ಬ್ರೇಸ್‌ಲೆಟ್‌ಗಳು ಹೀಗೆ ಹಲವು ಬಗೆಯ ಆಟಗಳಲ್ಲಿ ಹರಡಿವೆ. ಮೊದಲನೆಯದು 2000ದಲ್ಲಿ, ಹಳೆಯ ಹುಲಿ ಅಮರಿಲ್ಲೊ ಸ್ಲಿಮ್‌ನ ಎದುರು. 2002 ಒಂದೇ ವರ್ಷ ಮೂರು. ಹತ್ತನೆಯದು 2014ರಲ್ಲಿ, ಆಮೇಲೆ ಹತ್ತು ವರ್ಷ ಇಲ್ಲ, ಮುಗಿದನು ಎಂದರು. 2024ರಲ್ಲಿ ಬಂದು ಹನ್ನೊಂದನೆಯದನ್ನು ತೆಗೆದುಕೊಂಡು ಹೋದ.

ಹೋಲ್ಡೆಮ್‌ನಲ್ಲೂ ಹಿಂದೆ ಬಿದ್ದವನಲ್ಲ. 2003ರ ಮೇನ್ ಇವೆಂಟಿನಲ್ಲಿ ಹತ್ತನೆಯವನು, ಹೊರಗೆ ಕಳುಹಿಸಿದ್ದು ಆ ಮನಿಮೇಕರ್. 2009ರಲ್ಲಿ ಏಳನೆಯವನು. ಹೆಲ್‌ಮ್ಯೂತ್ ಇಷ್ಟು ವರ್ಷ ಎಲ್ಲ ಬೇಸಿಗೆಯೂ ತಪ್ಪದೆ ಕುಳಿತವನು. ಐವಿ ಮನಸ್ಸು ಬಂದಾಗ ಬರುವವನು, ಕೆಲವು ವರ್ಷ ಕಾಣಿಸಲೇ ಇಲ್ಲ. ಗೆಲುವನ್ನು ಆಡಿದ ಆಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ ಎನ್ನುವುದೇ ನನ್ನ ವಾದ.

ಕರಿ ಕೋಟು, ಕೊಪ್ಪಳ

ಐವಿಯ ಇನ್ನೊಂದು ಪುಟವನ್ನೂ ಹೇಳಬೇಕಲ್ಲ ಲೆಕ್ಕಿಗರೇ. 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ ಪುಂಟೊ ಬ್ಯಾಂಕೊ ಎಂಬ ಇಸ್ಪೀಟು ಆಟ ಆಡಿ 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಹಿಂಬದಿಯ ವಿನ್ಯಾಸ ಅಂಚಿನಲ್ಲಿ ಕೂದಲೆಳೆಯಷ್ಟು ಅಸಮವಾಗಿತ್ತು. ಒಳ್ಳೆಯ ಎಲೆಗಳನ್ನು ತಿರುಗಿಸಿ ಇಡುವಂತೆ ಎಲೆ ಹಂಚುವವಳನ್ನೇ ಒಪ್ಪಿಸಿ, ಮುಂದೆ ಐವಿಯೂ ಅವನ ಜೊತೆಗಾತಿಯೂ ಬೆನ್ನು ನೋಡಿಯೇ ಎಲೆ ಗುರುತಿಸಿದರು. ಕ್ಯಾಸಿನೊ ಹಣ ಕೊಡಲಿಲ್ಲ, ಇವನು ಮೊಕದ್ದಮೆ ಹೂಡಿದ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇದು ಮೋಸ ಎಂದಿತು. ಅಪ್ರಾಮಾಣಿಕತೆಯನ್ನು ಅಳೆಯಲು ಅಲ್ಲಿನ ಕ್ರಿಮಿನಲ್ ನ್ಯಾಯಾಲಯಗಳು 1982ರಿಂದ ಬಳಸುತ್ತಿದ್ದ ಪರೀಕ್ಷೆಯೇ ಈ ತೀರ್ಪಿನಿಂದ ಬದಲಾಯಿತು. ಇಂಗ್ಲೆಂಡಿನಲ್ಲಿ ಕಾನೂನು ಓದುವವರು ಐವಿಯ ಹೆಸರನ್ನು ಪರೀಕ್ಷೆಗೆ ಕಲಿಯುತ್ತಾರೆ. ಅವನು ಕಾಲೂರದ ಕ್ಷೇತ್ರವಿಲ್ಲ ಎಂಬುದಕ್ಕೆ ಇದೂ ಒಂದು ಪುರಾವೆ ಎಂದು ಸೇರಿಸಿಕೊಳ್ಳಿ!

ಗಂಭೀರವಾಗಿ ಹೇಳುವುದಾದರೆ ಅದು ಪೋಕರ್ ಅಲ್ಲ, ಕ್ಯಾಸಿನೊ ವಿರುದ್ಧದ ಬೇರೆ ಆಟ. ಅವನ ಟೂರ್ನಿಯ ಗೆಲುವುಗಳ ಮೇಲೆ ಆ ಕಲೆ ಹತ್ತುವುದಿಲ್ಲ. ನನ್ನ ಮತ ಅವನಿಗೇ.

ಕೋಟೆ ಬೀದಿ, ಬಳ್ಳಾರಿ

ಹನ್ನೊಂದರಲ್ಲಿ ಬರೀ ಹೋಲ್ಡೆಮ್‌ನ ಟೂರ್ನಿ ಒಂದೂ ಇಲ್ಲ ಎಂಬುದನ್ನು ಲೆಕ್ಕಿಗ ಅಣ್ಣ ಎಷ್ಟು ನಯವಾಗಿ ದಾಟಿಸಿದರು ನೋಡಿ! ಜಗತ್ತೆಲ್ಲ ಆಡುವ ಆಟ ಅದು. ಸಾವಿರಗಟ್ಟಲೆ ಜನ ಬರುವುದು ಅದಕ್ಕೆ. ಸ್ಟಡ್, ಒಮಾಹಾಗಳಿಗೆ ಬರುವವರು ಕಡಿಮೆ. ಜನರ ಸಂಖ್ಯೆ ನೋಡಬೇಕು ಎಂದು ಮೇಡಂ ಹೇಳಿದಾಗ ತಲೆಯಾಡಿಸಿದವರು ಈಗ ಸುಮ್ಮನಿದ್ದಾರೆ.

ಹೆಲ್‌ಮ್ಯೂತ್ ಹೋಲ್ಡೆಮ್ ಬಿಟ್ಟು ಬೇರೆ ತಿಳಿಯದವನು ಎಂದು ಹೇಳುವವರಿಗೆ: ರ‍್ಯಾಜ್ ಎಂಬ ಇನ್ನೊಂದು ಬಗೆಯ ಪೋಕರ್‌ನಲ್ಲಿ 2012 ಮತ್ತು 2015ರಲ್ಲಿ ಗೆದ್ದಿದ್ದಾನೆ, 2021ರಲ್ಲಿ ಡ್ಯೂಸ್ ಟು ಸೆವೆನ್. 2012ರಲ್ಲಿ ಹತ್ತು ಲಕ್ಷ ಡಾಲರ್ ಶುಲ್ಕದ ಒನ್ ಡ್ರಾಪ್ ಟೂರ್ನಿಯಲ್ಲಿ 48 ಜನರಲ್ಲಿ ನಾಲ್ಕನೆಯವನು.

ಹತ್ತಿ ಬಜಾರ್, ರಾಯಚೂರು

ನೀವೆಲ್ಲ ಹಳೆಯ ಹೆಸರುಗಳಲ್ಲೇ ಸುತ್ತುತ್ತಿದ್ದೀರಿ. 2025ರ ಬೇಸಿಗೆ ಯಾರೂ ನೋಡಲಿಲ್ಲವೇ? ಮೈಕೆಲ್ ಮಿಜ್ರಾಚಿ 50,000 ಡಾಲರ್ ಶುಲ್ಕದ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಗೆದ್ದ. ಅದರಲ್ಲಿ ಒಂದಾದ ಮೇಲೊಂದು ಹಲವು ಬಗೆಯ ಪೋಕರ್ ಆಡಬೇಕು, ಬೇರೆ ಆಟಗಾರರು ಅತಿ ಹೆಚ್ಚು ಗೌರವ ಕೊಡುವ ಟೂರ್ನಿ ಅದೇ. ಅವನಿಗೆ ಅದು ನಾಲ್ಕನೆಯ ಸಲ. ಅದಾಗಿ ಕೆಲವೇ ವಾರಗಳಲ್ಲಿ 9,735 ಜನರ ಮೇನ್ ಇವೆಂಟನ್ನೂ ಗೆದ್ದ, ಒಂದು ಕೋಟಿ ಡಾಲರ್. ಲೆಕ್ಕಿಗರ ವೈವಿಧ್ಯವೂ ಇದೆ, ಕೋಟೆ ಬೀದಿಯವರ ಜನಸಾಗರವೂ ಇದೆ. ಇನ್ನೇನು ಬೇಕು?

ನಮ್ಮವರ ಬಗ್ಗೆಯೂ ಒಂದು ಸಾಲು. 2017ರಲ್ಲಿ ನಿಪುಣ್ ಜಾವಾ ಒಂದೇ ಬೇಸಿಗೆಯಲ್ಲಿ ಎರಡು ಬ್ರೇಸ್‌ಲೆಟ್ ಗೆದ್ದ. 2024ರಲ್ಲಿ ಸಂತೋಷ್ ಸುವರ್ಣ ಎರಡೂವರೆ ಲಕ್ಷ ಡಾಲರ್ ಶುಲ್ಕದ ಆಟ ಗೆದ್ದು 54 ಲಕ್ಷ ಡಾಲರ್ ತಂದ. ಸರ್ವಶ್ರೇಷ್ಠರೆಂದು ಹೇಳುತ್ತಿಲ್ಲ, ಹೆಸರು ಬಿಟ್ಟುಹೋಗಬಾರದು.

ರಾತ್ರಿ ಪಾಳಿ, ಶಕ್ತಿನಗರ

ಇದು ಹೀಗೆಯೇ ಮುಂದುವರಿದರೆ ನನ್ನ ನಿದ್ದೆ ಕೆಡುತ್ತದೆ. 1970ರಲ್ಲಿ ಮೊದಲ ವರ್ಲ್ಡ್ ಸೀರೀಸ್‌ನಲ್ಲಿ ಈಗಿನಂತೆ ಕೊನೆಯ ಟೂರ್ನಿಯೇ ಇರಲಿಲ್ಲ, ಆಡಿದವರೇ ಮತ ಹಾಕಿ ಜಾನಿ ಮಾಸ್‌ನನ್ನು ಆರಿಸಿದರು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬನೂ ತನಗೇ ಮತ ಹಾಕಿಕೊಂಡನಂತೆ, ಆಮೇಲೆ "ನಿನ್ನನ್ನು ಬಿಟ್ಟರೆ ಎರಡನೆಯವನು ಯಾರು" ಎಂದು ಕೇಳಿದರಂತೆ. ಕಥೆಯೋ ನಿಜವೋ, ಉಪಾಯ ಚೆನ್ನಾಗಿದೆ. ಎಲ್ಲರೂ ತಮ್ಮ ನೆಚ್ಚಿನವನನ್ನು ಬಿಟ್ಟು ಎರಡನೆಯ ಹೆಸರು ಹೇಳಿ. ನನ್ನದು ಐವಿ.

ಹತ್ತಿ ಬಜಾರ್, ರಾಯಚೂರು

ಐವಿ.

ಸಂಭವನೀಯತೆ ಮೇಡಂ, ಬಳ್ಳಾರಿ

ಹ್ಯಾರಿಂಗ್ಟನ್‌ನನ್ನು ಬಿಡಬೇಕೆಂದರೆ ಚಾನ್. ಎರಡು ಗೆಲುವಿನ ಮೇಲೆ ಮೂರನೆಯ ವರ್ಷ ಎರಡನೆಯ ಸ್ಥಾನ, ಅದನ್ನು ನನ್ನ ಗುಣಾಕಾರದಲ್ಲಿ ಸೇರಿಸಿಯೇ ಇರಲಿಲ್ಲ. ಐವಿ ಎಷ್ಟು ಟೂರ್ನಿ ಆಡಿದ್ದಾನೆ ಎಂಬ ಸಂಖ್ಯೆಯನ್ನು ಲೆಕ್ಕಿಗರು ಕೊಡದೆ ಭಾಗಿಸಿ ಎನ್ನುತ್ತಿದ್ದಾರೆ. ಛೇದವಿಲ್ಲದ ಭಿನ್ನರಾಶಿಗೆ ನಾನು ಮತ ಹಾಕಲಾರೆ.

ಗಿರಣಿ ಲೆಕ್ಕಿಗ, ಗಂಗಾವತಿ

ಐವಿಯನ್ನು ಬಿಟ್ಟರೆ ಮಿಜ್ರಾಚಿ. ವಕೀಲರೂ ಖಾಸಗಿಯಾಗಿ ಅದನ್ನೇ ಹೇಳಿದರು, ಕಟಕಟೆಗೆ ಬಂದು ಹೇಳಲಿ.

ಎಡದಂಡೆ ಕಾಲುವೆ, ಸಿಂಧನೂರು

ನನ್ನದು ಒಬ್ರೆಸ್ಟಾಡ್. ಮೊದಲನೆಯದೂ ಎರಡನೆಯದೂ ಅವಳೇ. ಎಲೆ ನೋಡಿ ಆಡಿ ನಾನು ಕಳೆದುಕೊಂಡೆ, ನೋಡದೆ ಆಡಿ ಅವಳು ಗೆದ್ದಳು.

ಕೋಟೆ ಬೀದಿ, ಬಳ್ಳಾರಿ

ಎರಡನೆಯವನಾ? ಹೆಲ್‌ಮ್ಯೂತ್‌ನ ನಂತರ ಆರು ಬ್ರೇಸ್‌ಲೆಟ್‌ಗಳ ಅಂತರವಿದೆ. ಆ ಅಂತರ ತುಂಬಿಸಿದ ಮೇಲೆ ಐವಿಯ ಹೆಸರು ಬರೆದುಕೊಳ್ಳಿ.